ಆಮೆನ್ ಅನ್ನುವ ಹೊತ್ತು

"ಶುಗರ್ ಎಷ್ಟು ವರ್ಷದಿಂದ ಇದೆ?" ಡಾಕ್ಟರಮ್ಮ ಕೇಳಿದರು.

"ನಂಗೆ ಶುಗರ್ ಇಲ್ಲ," ಎಂದರು ಜ್ಞಾನಪ್ಪ. ಕಾಲಿನ ಕಟ್ಟು ಬಿಚ್ಚಿದ ನರ್ಸ್ ಮುಖ ಪಕ್ಕಕ್ಕೆ ತಿರುಗಿಸಿದ್ದಳು. ಹೆಬ್ಬೆರಳು ಕಪ್ಪಾಗಿ, ಕಪ್ಪು ಪಾದಕ್ಕೂ ಹರಡಿತ್ತು.

ಗಂಡ ಸುಳ್ಳು ಹೇಳುತ್ತಿಲ್ಲ ಎಂಬುದು ಪಕ್ಕದಲ್ಲಿ ನಿಂತಿದ್ದ ಭಾಗ್ಯಮ್ಮನಿಗೆ ಗೊತ್ತಿತ್ತು. ಅದೇ ಕಷ್ಟ. ಈಸ್ಟರ್ ಆದ ಮರುವಾರ ಅಶೋಕಪುರಂನ ಪ್ರಾರ್ಥನಾ ಮನೆಯಲ್ಲಿ ಅವರು ಮೈಕ್ ಹಿಡಿದು, ಕರ್ತನು ನನ್ನನ್ನು ಗುಣಪಡಿಸಿದ್ದಾನೆ, ಸಕ್ಕರೆ ಕಾಯಿಲೆ ನನ್ನಲ್ಲಿಲ್ಲ ಎಂದು ಸಾಕ್ಷಿ ಹೇಳಿದ್ದರು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವರು ಭಾಗ್ಯಮ್ಮನೇ. ಇನ್ನು ಆ ಕಾಯಿಲೆಯ ಹೆಸರನ್ನೂ ಎತ್ತಬೇಡಿ, ಬಾಯಲ್ಲಿ ಅಂದರೆ ತಿರುಗಿ ಬರುತ್ತದೆ ಎಂದು ಪಾಸ್ಟರು ಎಚ್ಚರಿಸಿದ್ದರು. ಅವತ್ತೇ ಜ್ಞಾನಪ್ಪ ಇನ್ಸುಲಿನ್ ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದರು. ಸಕ್ಕರೆಯಿಲ್ಲದ ಕಾಫಿ ಕೊಟ್ಟರೆ, "ಇದು ಅವಿಶ್ವಾಸ ಕಣೇ," ಎಂದು ಲೋಟ ತಳ್ಳುತ್ತಿದ್ದರು.

ಅವರು ದರ್ಜಿ. ಶುಕ್ರವಾರ ಎಂದರೆ ಶುಕ್ರವಾರವೇ ರವಿಕೆ ಕೈಗಿಡುವ ದರ್ಜಿ ಮೈಸೂರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ. ಅಂಥವರು ದೇವರ ಮುಂದೆ ಆಡಿದ ಮಾತನ್ನು ಬಿಡುತ್ತಾರೆಯೇ? ನೆಲಕ್ಕೆ ಬಿದ್ದ ಸೂಜಿಯೊಂದು ಜೋಮು ಹಿಡಿದ ಕಾಲಿನ ಹೆಬ್ಬೆರಳಿಗೆ ನಾಟಿ ಮೂರು ದಿನ ಅಲ್ಲೇ ಇದ್ದರೂ ಅವರಿಗೆ ಗೊತ್ತಾಗಿರಲಿಲ್ಲ. ಭಾಗ್ಯಮ್ಮ ಅದನ್ನು ಕಿತ್ತಾಗಲೂ, "ಒಂದ್ ಗಾಯ ಅಷ್ಟೇ, ಬುಡು," ಎಂದಿದ್ದರು.

"ಬೆರಳು ಕೊಡಿ ಯಜಮಾನ್ರೇ, ರಕ್ತ ನೋಡ್ಬೇಕು," ಎಂದರು ಡಾಕ್ಟರಮ್ಮ. ಜ್ಞಾನಪ್ಪ ಮುಷ್ಟಿ ಬಿಗಿದು ತೊಡೆಯ ಕೆಳಗೆ ಇಟ್ಟುಕೊಂಡರು. ಡಾಕ್ಟರಮ್ಮ ಭಾಗ್ಯಮ್ಮನ ಕಡೆ ನೋಡಿದರು. "ನೀವಾದ್ರೂ ಹೇಳಿ. ಹೀಗೇ ಬಿಟ್ರೆ ಕಾಲಲ್ಲ, ಜೀವಾನೇ ಹೋಗುತ್ತೆ."

ಭಾಗ್ಯಮ್ಮನಿಗೆ ಭಯವಾಯಿತು. ಅವರೂ ನಂಬಿದವರೇ. ತಾನು ಹೆಸರೆತ್ತಿದರೆ ಕಾಯಿಲೆ ನಿಜವಾಗಿಯೂ ತಿರುಗಿ ಬಂದುಬಿಟ್ಟರೆ? ಗಂಡ ಬೇಡವೆಂದು ತಲೆಯಾಡಿಸುತ್ತಿದ್ದರು. ಭಾಗ್ಯಮ್ಮ ಆ ಕಪ್ಪು ಬೆರಳನ್ನು ಇನ್ನೊಮ್ಮೆ ನೋಡಿದರು.

"ಹದಿನಾಲ್ಕು ವರ್ಷದಿಂದ ಶುಗರ್ ಐತೆ ಕಣಮ್ಮ. ಇನ್ಸುಲಿನ್ ಬುಟ್ಟು ಐದು ತಿಂಗ್ಳಾಯ್ತು."

ಜ್ಞಾನಪ್ಪ ಹೆಂಡತಿಯ ಕಡೆ ತಿರುಗಿದರು. ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಹೋಗಿತ್ತಲ್ಲೇ ಅದು," ಎಂದರು. "ಯಾಕ್ ಕರ್ದೆ?"

ಬುಧವಾರ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಇನ್ನೊಂದು ವಾರ ಮೊದಲು ಬಂದಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದರು. ನೋಡಲು ಬಂದ ಪಾಸ್ಟರು ಹಾಸಿಗೆಯ ಬಳಿ ಪ್ರಾರ್ಥನೆ ಮಾಡಿ, ಭಾಗ್ಯಮ್ಮನ ಮುಖ ನೋಡದೆ ಹೋದರು.

ಮನೆಗೆ ಬಂದ ಮೊದಲ ಮಧ್ಯಾಹ್ನ ಭಾಗ್ಯಮ್ಮ ಮಂಚದ ಹತ್ತಿರ ಸ್ಟೂಲಿಟ್ಟು ಅನ್ನ, ಸೊಪ್ಪಿನ ಸಾರು ಬಡಿಸಿದರು. ಮದುವೆಯಾಗಿ ಮೂವತ್ತೊಂದು ವರ್ಷ, ಊಟಕ್ಕೆ ಮುಂಚೆ ಜ್ಞಾನಪ್ಪ ಗಟ್ಟಿಯಾಗಿ ಪ್ರಾರ್ಥನೆ ಮಾಡುವುದು, ಕೊನೆಗೆ ಭಾಗ್ಯಮ್ಮ ಆಮೆನ್ ಅನ್ನುವುದು. ಆಮೇಲೇ ತಟ್ಟೆಗೆ ಕೈ.

ಜ್ಞಾನಪ್ಪ ಕಣ್ಣು ಮುಚ್ಚಿದರು. ತುಟಿಗಳಷ್ಟೇ ಅಲುಗಾಡಿದವು, ದನಿ ಹೊರಗೆ ಬರಲಿಲ್ಲ. ಯಾವುದಕ್ಕಾಗಿ ಬೇಡುತ್ತಿದ್ದಾರೋ, ಎಲ್ಲಿ ಮುಗಿಯುತ್ತದೋ ತಿಳಿಯದೆ ಭಾಗ್ಯಮ್ಮ ಆ ತುಟಿಗಳನ್ನೇ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಅವು ನಿಂತವು. ಜ್ಞಾನಪ್ಪ ಕಣ್ಣು ಬಿಟ್ಟು, ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅನ್ನ ಕಲಸತೊಡಗಿದರು. ಭಾಗ್ಯಮ್ಮ ಇನ್ನೂ ಕೈ ಮುಗಿದೇ ಇದ್ದರು.