ಒಂದು ಗೇಣು ಹಿಂದಕ್ಕೆ

"ತಳ್ರಪ್ಪಾ, ಮೆಲ್ಲಗೆ... ಅಯ್ಯಯ್ಯೋ, ಹೊಟ್ಟೆ! ಹೊಟ್ಟೆಗೆ ತಿವೀತು!"

ಬೈಕಿನ ಮೇಲೆ ಕೂತು ಹ್ಯಾಂಡಲ್ ತಿರುಗಿಸಲು ಹೋದ ಟೈಲರಮ್ಮನ ಮೈದುನ ಅಲ್ಲೇ ಮುದುಡಿಕೊಂಡ. ದಿನಾ ಬಸ್ಸನ್ನು ಸಂದಿಗೊಂದಿಯಲ್ಲಿ ತಿರುಗಿಸುವ ಡ್ರೈವರ್ ಅವನು. ಅಣ್ಣನ ಬೈಕೊಂದನ್ನು ಗ್ಯಾರೇಜಿನಿಂದ ಹೊರಗೆ ತೆಗೆಯಲು ಅವನ ಕೈಲಿ ಆಗುತ್ತಿರಲಿಲ್ಲ. ಮುಂಬಾಗಿಲು ತೀರ ಇಕ್ಕಟ್ಟು. ಅಣ್ಣನ ದೇಹವನ್ನು ಗ್ಯಾರೇಜಿನ ಮೂಲಕವೇ ವ್ಯಾನಿಗೆ ಸಾಗಿಸಬೇಕಿತ್ತು. ಆ ದಾರಿಗೆ ಅಡ್ಡಲಾಗಿ ಈ ಉದ್ದನೆಯ ಕ್ರೂಸರ್ ಬೈಕು, ಎಬ್ಬಿಸಿದರೂ ಏಳದ ಎಮ್ಮೆಯಂತೆ ಬಿದ್ದುಕೊಂಡಿತ್ತು. ಗುಜರಿಗೆ ಹೋಗಬೇಕಿದ್ದ ಅದನ್ನು ತಂದು, ವರ್ಷಗಟ್ಟಲೆ ಬಿಚ್ಚಿ, ಕೊಯ್ದು, ಕೂಡಿಸಿ, ಬಣ್ಣ ಬಳಿದು, ಮೊನ್ನೆ ತಾನೇ "ಮುಗೀತು" ಎಂದಿದ್ದ ಅಣ್ಣ ನಿನ್ನೆ ಬೆಳಗ್ಗೆ ಹಲ್ಲುಜ್ಜುತ್ತಾ ಕುಸಿದುಬಿದ್ದು ತಾನೇ ಮುಗಿದುಹೋಗಿದ್ದ.

"ಎಡಗಡೆ ಹ್ಯಾಂಡಲ್ ನೋಡಿ," ಮೈದುನ ಹೊಟ್ಟೆ ಉಜ್ಜಿಕೊಂಡ. "ಬಲಗಡೆದಕ್ಕಿಂತ ಒಂದು ಗೇಣು ಹಿಂದಕ್ಕೆ ಬಂದಿದೆ. ಕ್ಲಚ್ಚು ಅದರ ತುದೀಲಿ! ಕೂತವನ ಪಕ್ಕೆಲುಬಲ್ಲಿ ಕ್ಲಚ್ಚು ಇಡೋದು ಯಾವ ಊರ ನ್ಯಾಯ?"

"ಬೆಸುಗೆ ಹಾಕಿದ್ದು ನಾನೇ," ಎಂದ ವೆಲ್ಡರ್. ಸತ್ತವನ ಹಳೇ ಗೆಳೆಯ. "ಅಳತೆ ತಪ್ಪಿದೆ ಕಣೋ ಅಂತ ಬಡ್ಕೊಂಡೆ. 'ಸರಿಯಾಗೇ ಇದೆ, ಸುಮ್ನೆ ಹಾಕು' ಅಂದ. ಅಲ್ಲ, ಎಡಗೈಲಿ ಇರೋದು ಎರಡು ಬೆರಳು, ಆ ಕೈಲಿ ಕ್ಲಚ್ಚು ಹಿಡಿಯೋಕೇ ಆಗಲ್ಲ ಅವನಿಗೆ. ಇನ್ಯಾರಿಗೆ ಮಾಡ್ತಿದ್ದೀಯ ಅಂದ್ರೆ ಬರೀ ನಗು."

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವುದು ನಾದಿನಿಯ ಜಾಯಮಾನದಲ್ಲೇ ಇರಲಿಲ್ಲ. ಒಡಹುಟ್ಟಿದ ಅಣ್ಣನಿಗಾಗಿ ಅತ್ತು ಅತ್ತು ಮೂಗು ಕೆಂಪಾಗಿದ್ದರೂ ಕಣ್ಣು ಮಾತ್ರ ಚುರುಕಾಗಿಯೇ ಇತ್ತು.

"ಹಿಂದಿನ ಸೀಟು ನೋಡಿದ್ರಾ? ಎಷ್ಟು ಮೆತ್ತಗೆ ಮಾಡಿಸಿದಾನೆ! ಹೆಂಗಸರು ಕೂರೋ ಸೀಟು ಅದು. ಅತ್ತಿಗೆ ಬೈಕ್ ಹತ್ತಿ ಯಾವ ಕಾಲ ಆಯ್ತೋ. ನನಗ್ಯಾಕೆ ಬಿಡಿ, ಬಾಯಿಗೆ ಬಂತು, ಅಂದೆ."

ಒಳಗೆ ಗಂಡನ ತಲೆಯ ಹತ್ತಿರ ಕೂತಿದ್ದ ಟೈಲರಮ್ಮನಿಗೆ ಈ ಮಾತು ನೆಟ್ಟಗೆ ಕೇಳಿಸಿತು. ಇಷ್ಟು ಹೊತ್ತೂ ಅಳು ಬರುತ್ತಿತ್ತು. ಈಗ ಅಳುವಿನ ಜಾಗದಲ್ಲಿ ಇನ್ನೇನೋ ಬಂದು ಕೂತಿತು. ಸಂಜೆ ಸಂಜೆ ಗ್ಯಾರೇಜು ಸೇರಿಕೊಂಡು, ಕರೆದರೆ "ಬಂದೆ ಬಂದೆ" ಅನ್ನುತ್ತಾ ಬಾರದೇ ಇರುತ್ತಿದ್ದ ಈ ಮನುಷ್ಯ ಅದನ್ನು ಯಾರಿಗೆಂದು ಮಾಡಿದ? ಬಿಳಿ ಬಟ್ಟೆ ಹೊದ್ದು ಮಲಗಿದವನನ್ನು ಕೇಳೋಣವೆಂದರೆ ಅವನದು ಅದೇ ಮುಖ, ಏನು ಕೇಳಿದರೂ ಜಾರಿಕೊಳ್ಳುವ ಮುಖ. ವ್ಯಾನು ಬರುವ ಮೊದಲು ಇದೊಂದು ತಿಳಿಯಲೇಬೇಕು ಅನ್ನಿಸಿತು. ಹೋದಮೇಲೆ ಯಾರನ್ನು ಕೇಳುವುದು?

"ಎಲ್ಲಿಗಮ್ಮಾ?" ಮಗಳು ಕೈ ಹಿಡಿದಳು.

"ಇಲ್ಲೇ. ಬಂದೆ."

*

ಹೋದ ವರ್ಷ ಒಂದು ಮಧ್ಯಾಹ್ನ ಅವಳು ಹೊಲಿಗೆ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದಾಗ ಗಂಡ ಬಂದು ಬೆನ್ನ ಹಿಂದೆ ನಿಂತಿದ್ದ.

"ಸ್ವಲ್ಪ ಮುಂದಕ್ಕೆ ಬಾಗು. ಎಡಗೈ ಚಾಚು."

"ಯಾಕೆ?"

"ಅಡಿಗೆಮನೆಗೆ ಹಲಗೆ ಹೊಡೀತೀನಿ. ನಿನ್ನ ಕೈಗೆ ಎಟುಕಬೇಕಲ್ಲ."

"ಹಲಗೆ ಇರೋದು ಮೇಲೆ. ಮುಂದಕ್ಕೆ ಚಾಚು ಅಂತೀರಲ್ಲ!"

"ಹೇಳಿದಷ್ಟು ಮಾಡು ಮಹಾರಾಯ್ತಿ. ಅಳತೆ ತಗೊಳೋದು ನೀನೊಬ್ಬಳಿಗೇ ಗೊತ್ತಾ?"

ಅವಳ ಟೇಪು ಅಲ್ಲೇ ಇದ್ದರೂ ಮುಟ್ಟದೆ, ಡಬ್ಬಿಯಿಂದ ನೀಲಿ ದಾರ ಎಳೆದು, ಭುಜದಿಂದ ಮುಷ್ಟಿಯವರೆಗೆ ಹಿಡಿದು, ಹಲ್ಲಿನಲ್ಲಿ ಕಚ್ಚಿ ಎರಡು ಕಡೆ ಗಂಟು ಹಾಕಿಕೊಂಡು ಹೋದ. ಹಲಗೆ ಮಾತ್ರ ಬರಲೇ ಇಲ್ಲ. ಅದನ್ನು ಹಿಡಿದುಕೊಂಡು ಅವಳು ವರ್ಷವಿಡೀ ಕುಟುಕಿದ್ದಳು. "ನಿಮ್ಮ ಹಲಗೆ ನಂಬಿದ್ರೆ ಪಾತ್ರೆಗಳೆಲ್ಲ ನೆಲದ ಮೇಲೇ ಸಂಸಾರ ಮಾಡ್ಬೇಕು" ಎಂದು ಮೊನ್ನೆ ರಾತ್ರಿ ಊಟಕ್ಕೆ ಕೂತಾಗಲೂ ಅಂದಿದ್ದಳು. ಅವನು ಅನ್ನ ಕಲಸುತ್ತಾ ಸುಮ್ಮನೆ ನಕ್ಕಿದ್ದ.

*

ಟೈಲರಮ್ಮ ಗ್ಯಾರೇಜಿಗೆ ಬಂದಾಗ ಮೈದುನ ಬೈಕಿನಿಂದ ಇಳಿದು ಪಕ್ಕಕ್ಕೆ ಸರಿದ. ಅವಳು ನಾದಿನಿಯ ಕಡೆ ನೋಡಲಿಲ್ಲ.

"ಯಾರ ಅಳತೆಗೆ ಮಾಡಿದ್ದು ಇದು?" ಎಂದು ವೆಲ್ಡರನನ್ನೇ ಕೇಳಿದಳು. "ಮುಚ್ಚುಮರೆ ಬೇಡ. ನೀವು ಹೇಳಿದ್ರೆ ನಾನೇನೂ ಸಾಯಲ್ಲ."

"ದೇವರಾಣೆ ಗೊತ್ತಿಲ್ಲಮ್ಮಾ. ಟೇಪು ತಂದಿರ್ಲಿಲ್ಲ. ಒಂದು ದಾರ ತಂದಿದ್ದ. 'ಈ ಗಂಟಿಗೆ ಕ್ಲಚ್ಚು ಬರ್ಬೇಕು' ಅಂದ, ಅಷ್ಟೇ. ಅಗೋ, ಗೋಡೆ ಮೇಲೆ."

ಸ್ಪ್ಯಾನರುಗಳ ನಡುವೆ ಮೊಳೆಗೆ ನೀಲಿ ದಾರ ನೇತಾಡುತ್ತಿತ್ತು. ತನ್ನ ಡಬ್ಬಿಯ ದಾರ ಅವಳಿಗೆ ತಿಳಿಯದೆ ಇರುತ್ತದೆಯೇ! ಒಂದು ಗಂಟನ್ನು ಭುಜಕ್ಕೆ ಒತ್ತಿ ಕೈ ಚಾಚಿದಳು. ಇನ್ನೊಂದು ಗಂಟು ಮುಷ್ಟಿಗೆ ಸರಿಯಾಗಿ ಕೂತಿತು.

"ನಂದೇ," ಎಂದಳು. ಸಮಾಧಾನವಾಗುವ ಬದಲು ತಲೆ ಇನ್ನಷ್ಟು ಕೆಟ್ಟಿತು. "ಆದ್ರೆ ನಂಗೆ ಬೈಕ್ ಓಡ್ಸೋಕೆ ಬರಲ್ಲವಲ್ಲ!"

"ಕಲಿಸ್ಬೇಕು ಅಂತಿದ್ನೇನೋ," ಎಂದ ಮೈದುನ.

"ಈ ವಯಸ್ಸಿಗಾ?"

ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ಬೈಕು ಹತ್ತೇಬಿಟ್ಟಳು. "ಅತ್ತಿಗೇ, ಇವತ್ತಾ?" ನಾದಿನಿ ಬಾಯಿಗೆ ಕೈಯಿಟ್ಟಳು. ಮುಂದಿನ ಸೀಟಿನಲ್ಲಿ ಕೂತರೆ ಕ್ಲಚ್ಚು ಅವಳ ಪಕ್ಕೆಗೂ ತಿವಿಯಿತು. ಹಿಡಿಯಲು ಕೈಯನ್ನು ಕೋಳಿ ರೆಕ್ಕೆಯಂತೆ ಮಡಿಸಬೇಕಾಯಿತು.

"ನನ್ನ ಅಳತೇನೇ, ನಂಗೇ ಆಗ್ತಿಲ್ಲ," ಎಂದಳು. ಅವಳಿಗೆ ಸಿಟ್ಟು ಬಂತು. ಸಾಯುವಾಗಲೂ ಒಗಟು ಇಟ್ಟು ಹೋಗಬೇಕಿತ್ತೇ ಈ ಪುಣ್ಯಾತ್ಮ!

ಇಳಿಯೋಣವೆಂದು ಹಿಂದಕ್ಕೆ ಸರಿದಳು. ಹಿಂದಿನ ಸೀಟು ಸಿಕ್ಕಿತು. ಊರಲು ಕಾಲು ತಡಕಾಡಿದರೆ ಫುಟ್‌ರೆಸ್ಟು ಕಾಲ ಕೆಳಗೇ ಇತ್ತು.

*

ಪ್ರೆಸ್ಸಿನ ಕಾಗದ ಕತ್ತರಿಸುವ ಯಂತ್ರ ಗಂಡನ ಎಡಗೈಯ ಮೂರು ಬೆರಳು ತೆಗೆದುಕೊಂಡಾಗ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೈಗಿಂತ ಅವನಿಗೆ ಬೈಕಿನದೇ ದುಃಖ. ಅದನ್ನು ನೋಡಲಾರದೆ ಒಂದು ಬೆಳಗಿನ ಜಾವ ಅವಳೇ ಹಿಂದೆ ಕೂತು, "ನಡೀರಿ, ಕ್ಲಚ್ಚು ನಾನು ಹಿಡೀತೀನಿ" ಎಂದಿದ್ದಳು.

ಆ ಹೊತ್ತಿನಲ್ಲಿ ರಸ್ತೆ ಖಾಲಿ. ಗಂಡನನ್ನು ಹಾಗೆ ತಬ್ಬಿಕೊಂಡು ಹೋಗುವುದನ್ನು ಯಾರಾದರೂ ಕಂಡಾರೆಂಬ ನಾಚಿಕೆಗೆ ಆ ಹೊತ್ತೇ ಬೇಕಿತ್ತು. ಅವನು ಮೊಣಕೈಯಲ್ಲಿ ಒಮ್ಮೆ ತಟ್ಟಿದರೆ ಅವಳು ಕ್ಲಚ್ಚು ಒತ್ತಬೇಕು. ಅವನು ಗೇರು ಹಾಕುತ್ತಿದ್ದ. ಇನ್ನೊಮ್ಮೆ ತಟ್ಟಿದರೆ ಬಿಡಬೇಕು. ಕೈ ಎಟುಕದೆ ಅವಳ ಕೆನ್ನೆ ಅವನ ಬೆನ್ನಿಗೆ ಅಪ್ಪಚ್ಚಿಯಾಗುತ್ತಿತ್ತು. "ಒಂದು ಗೇಣು ಕಮ್ಮಿ ಕಣೇ ನಿನ್ನ ಕೈ" ಎಂದು ಅವನು ನಗುತ್ತಿದ್ದ. ಮಗಳು ಹೊಟ್ಟೆಯಲ್ಲಿದ್ದಾಗ ಅವಳೇ "ಇನ್ನು ಸಾಕು" ಎಂದಳು. ಅವನು ಮರುಮಾತಾಡದೆ ಬೈಕು ಮಾರಿ ಬಂದ. ಆಮೇಲೆ ಇಬ್ಬರೂ ಆ ಸುದ್ದಿ ಎತ್ತಲಿಲ್ಲ. ಅವನು ಮರೆತಿದ್ದಾನೆ ಎಂದೇ ಅವಳು ತಿಳಿದಿದ್ದಳು.

*

ಟೈಲರಮ್ಮ ಎಡಗೈಯನ್ನು ಮುಂದಕ್ಕೆ ಚಾಚಿದಳು. ಮುಂದಿನ ಖಾಲಿ ಸೀಟನ್ನು ಬಳಸಿಕೊಂಡು ಹೋದ ಕೈ, ಬಾಗದೆ, ಎಳೆಯದೆ, ಕ್ಲಚ್ಚಿನ ಮೇಲೆ ಕೂತಿತು.

"ಓ..." ಎಂದಳು. ಅಷ್ಟೇ. ನಾದಿನಿ ಏನೋ ಕೇಳಲು ಬಾಯಿ ತೆರೆದವಳು ಅತ್ತಿಗೆಯ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೈದುನ ವೆಲ್ಡರನ ಮುಖ ನೋಡಿದ. ವೆಲ್ಡರನಿಗೂ ಏನೂ ತಿಳಿಯಲಿಲ್ಲ.

ಹೊರಗೆ ವ್ಯಾನು ಬಂತು. ಗೇಟಿನ ಏರಿನಲ್ಲಿ ಹಿಂದಕ್ಕೆ ಬರುತ್ತಾ ಅದರ ಇಂಜಿನ್ ಏದುಸಿರು ಬಿಟ್ಟಿತು. ಆ ಸದ್ದಿಗೆ ಅವಳ ಬೆರಳುಗಳು ತಾವಾಗಿಯೇ ಕ್ಲಚ್ಚನ್ನು ಒತ್ತಿ ಹಿಡಿದವು.

"ಅಮ್ಮಾ, ಹೊತ್ತಾಯ್ತು. ಅಪ್ಪನ್ನ ಕರ್ಕೊಂಡು ಹೋಗ್ಬೇಕು," ಮಗಳು ಪಕ್ಕಕ್ಕೆ ಬಂದು ಅವಳ ಮುಷ್ಟಿಯ ಮೇಲೆ ಕೈಯಿಟ್ಟಳು. "ಇಳಿ. ಅದನ್ನ ಬಿಡಮ್ಮಾ."

"ತಾಳೇ," ಎಂದಳು ಟೈಲರಮ್ಮ, ಕೆನ್ನೆಯನ್ನು ಮುಂದಿನ ಖಾಲಿ ಜಾಗಕ್ಕೆ ಓರೆ ಮಾಡಿಕೊಂಡು. "ಅವರಿನ್ನೂ ತಟ್ಟಿಲ್ಲ."