ಗೋಡೆ ನಕ್ಷೆಯ ಅಧ್ಯಾಯ

"ನಾಲ್ಕನೇ ಅಧ್ಯಾಯ ತೆಗೆದುಬಿಡು ತಾಯಿ. ಪದವಿ ತಗೊಂಡು ಮನೆಗೆ ಹೋಗು," ಎಂದರು ಮೇಷ್ಟ್ರು, ಮೌಖಿಕ ಪರೀಕ್ಷೆಯ ಕೋಣೆಯ ಬಾಗಿಲಲ್ಲೇ. ಆರು ವರ್ಷ ಅವಳ ಸಂಶೋಧನೆಗೆ ದಾರಿ ತೋರಿಸಿದವರು ಅವರು. ಒಳ್ಳೆಯವರೇ, ಆದರೆ ದೊಡ್ಡವರ ನೆರಳು ಕಂಡರೂ ಧ್ವನಿ ತಗ್ಗಿಸುವ ಪೈಕಿ.

"ತೆಗೆಯಲ್ಲ ಸರ್," ಎಂದಳು.

ದೇಶದ ಎಲ್ಲ ಇಲಾಖೆಗಳ ನಕ್ಷೆಗಳನ್ನೂ ಒಂದೇ ಜಾಲತಾಣದಲ್ಲಿ ಸೇರಿಸಿ ಎಲ್ಲರೂ ಬಳಸುವಂತೆ ಮಾಡುವುದು ಹೇಗೆ, ಇದು ಅವಳ ವಿಷಯ. ಇದಕ್ಕೆ ಎಲ್ಲರೂ ಹಿಡಿಯುವ ಹಾದಿ ಒಂದೇ. ಪ್ರಶ್ನಾವಳಿ ಕಳಿಸು, ಅಧಿಕಾರಿಗಳು ಟಿಕ್ ಹಾಕಿದ್ದನ್ನು ಎಣಿಸು, ಶೇಕಡಾವಾರು ತೆಗೆ. ಅವಳೂ ಮೊದಲು ಹಾಗೇ ಮಾಡಿದ್ದಳು. 'ನಿಮ್ಮ ನಕ್ಷೆಗಳು ಸರಿಯಾಗಿವೆಯೇ?' ಎಂಬ ಪ್ರಶ್ನೆಗೆ ಒಂದೂ ಬಿಡದೆ ಎಲ್ಲ ಇಲಾಖೆಗಳೂ 'ಹೌದು' ಎಂದವು. ಶಾಲೆಯಲ್ಲಿ ಪಾಠ ಹೇಳುವ ಅಕ್ಕ ಆ ಹಾಳೆ ನೋಡಿ ನಕ್ಕಳು. "ಹೋಂವರ್ಕ್ ಮಾಡಿದೀರಾ ಅಂದ್ರೆ ನಮ್ಮ ಮಕ್ಕಳೂ ಹಿಂಗೇ ಕೈ ಎತ್ತುತ್ವೆ ಕಣೇ."

ಆಮೇಲೆ ಅವಳು ಪ್ರಶ್ನಾವಳಿಯನ್ನು ಬದಿಗಿಟ್ಟು, ಒಂದು ಊರಿನ ನೀರು ಸರಬರಾಜು ಕಚೇರಿಯಲ್ಲಿ ನಾಲ್ಕು ತಿಂಗಳು ಸುಮ್ಮನೆ ಕೂತು ನೋಡಿದಳು. ಅಲ್ಲಿ ಗೋಡೆಯ ಮೇಲೊಂದು ಹಳೆಯ ನಕ್ಷೆ, ಅದರ ತುಂಬಾ ಪೆನ್ಸಿಲ್ ಗುರುತು. ರಸ್ತೆ ಅಗೆದವರು ಕೆಸರುಗಾಲಲ್ಲೇ ಒಳಗೆ ಬಂದು, "ವಾಲ್ವು ಅಲ್ಲಿಲ್ಲ ಅಣ್ಣಾ, ಮೂಲೆ ಮನೆ ಗೇಟಿನ ಹತ್ರ ಇದೆ," ಎನ್ನುವರು. ನಕ್ಷೆಗಾರ ಎದ್ದು ಗೋಡೆಯ ಮೇಲೆ ತಿದ್ದುವನು. ಕಂಪ್ಯೂಟರಿನಲ್ಲಿ ತಿದ್ದಬೇಕಾದರೆ, ಹಿಂದಿನದು ತಪ್ಪಾಗಿತ್ತು ಎಂದು ಅಧಿಕಾರಿ ಸಹಿ ಹಾಕಬೇಕು. ಜಪ್ಪಯ್ಯ ಎಂದರೂ ಯಾರೂ ಹಾಕುತ್ತಿರಲಿಲ್ಲ. ಆಗಲೇ ಶುರುವಾಗಿದ್ದ ದೇಶದ ಜಾಲತಾಣಕ್ಕೆ ಹೋಗುತ್ತಿದ್ದದ್ದು ಕಂಪ್ಯೂಟರಿನ ನಕ್ಷೆ. ಅದನ್ನು ನಂಬಿ ಕೇಬಲ್‌ನವರು ಅಗೆದರು, ಕೊಳವೆ ಒಡೆಯಿತು, ಒಂದು ಬೀದಿಗೆ ಮೂರು ದಿನ ನೀರಿಲ್ಲ.

"ಗೋಡೆ ಮೇಲೆ ತಿದ್ದೋದು ನಿಯಮಕ್ಕೆ ವಿರುದ್ಧ ಅಮ್ಮಾ. ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು," ಎಂದಿದ್ದ ನಕ್ಷೆಗಾರ. ಅವಳು ಮಾತು ಕೊಟ್ಟಿದ್ದಳು; ಊರನ್ನೂ ಹೆಸರನ್ನೂ ಬಿಟ್ಟು ಇದನ್ನೆಲ್ಲ ನಾಲ್ಕನೇ ಅಧ್ಯಾಯವಾಗಿ ಬರೆದಿದ್ದಳು.

ಕೋಣೆಯೊಳಗೆ ಪರೀಕ್ಷಕರಾಗಿ ಕೂತಿದ್ದವರು ಆ ಜಾಲತಾಣವನ್ನು ನಡೆಸುವ ಕಚೇರಿಯ ನಿರ್ದೇಶಕರೇ. ಏಸಿಯ ನೀರು ಮೂಲೆಯ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಅವರು ಆ ಅಧ್ಯಾಯ ಬಿಟ್ಟು ಪ್ರಬಂಧದ ಬೇರೆ ಪುಟಗಳನ್ನು ತೆರೆಯಲೂ ಇಲ್ಲ.

"ಇದು ಸಂಶೋಧನೆನೋ, ಕಾಗಕ್ಕ ಗುಬ್ಬಕ್ಕನ ಕಥೆನೋ? ಒಂದು ಕಚೇರಿ, ಒಬ್ಬ ನಕ್ಷೆಗಾರ. ಇದರಿಂದ ದೇಶಕ್ಕೇನು ಗೊತ್ತಾಗುತ್ತೆ?"

"ನಲವತ್ತು ವಾಲ್ವು ಹುಡುಕಿ ನಾನೇ ಟೇಪು ಹಿಡಿದು ಅಳೆದಿದೀನಿ ಸರ್. ಗೋಡೆ ನಕ್ಷೆ ಹೇಳಿದ ಜಾಗದಲ್ಲಿ ಮೂವತ್ತೆಂಟು ಸಿಕ್ವು. ನಿಮ್ಮ ಜಾಲತಾಣ ಹೇಳಿದ ಜಾಗದಲ್ಲಿ ಹನ್ನೊಂದು. ಎಷ್ಟು ಕಚೇರೀಲಿ ಹೀಗಿದೆ ಅಂತ ನಾನು ಬರೆದಿಲ್ಲ. ಹೀಗೆ ಯಾಕಾಗುತ್ತೆ ಅಂತ ಬರೆದಿದೀನಿ."

ಮೇಷ್ಟ್ರು ಜೋರಾಗಿ ಕೆಮ್ಮಿದರು. ಅವಳು ಸೊಪ್ಪು ಹಾಕಲಿಲ್ಲ.

"ಹಾಗಾದ್ರೆ ಯಾವ ಊರು, ಯಾರು ಆ ಮನುಷ್ಯ, ಹೇಳಿ. ನಾವು ಪರಿಶೀಲಿಸ್ತೀವಿ," ಎಂದರು ನಿರ್ದೇಶಕರು. "ಇಲ್ಲಾ, ಅಧ್ಯಾಯ ತೆಗೀರಿ. ಎರಡರಲ್ಲಿ ಯಾವುದಾದ್ರೂ ಸರಿ, ಇವತ್ತೇ ಪಾಸು ಮಾಡ್ತೀನಿ."

ಅವಳಿಗೆ ಭಯವಾಯಿತು, ಸುಳ್ಳೇಕೆ ಹೇಳುವುದು? ವಯಸ್ಸು ನಲವತ್ತಮೂರು. ಈ ಪದವಿ ಇಲ್ಲದೆ ಹೋದರೆ ಕಾಲೇಜಿನ ಕೆಲಸ ಕೈತಪ್ಪುವುದು ಖಂಡಿತ. ಪರಿಶೀಲನೆ ಎಂದರೇನೆಂದೂ ಗೊತ್ತಿತ್ತು: ನಕ್ಷೆಗಾರನಿಗೆ ನೋಟಿಸು, ನಕ್ಷೆ ಕಿತ್ತು ಗೋಡೆಗೆ ಹೊಸ ಬಣ್ಣ, ಮೂವತ್ತು ವರ್ಷದ ಗುರುತುಗಳು ಒಂದೇ ಮಧ್ಯಾಹ್ನಕ್ಕೆ ಮಣ್ಣುಪಾಲು. ಅದನ್ನು ನೆನೆದದ್ದೇ ತಡ, ಭಯವನ್ನು ಹಿಂದೆ ತಳ್ಳಿ ಸಿಟ್ಟು ಮುಂದೆ ಬಂತು. ಬಿಳಿ ಹಾಳೆಯೊಂದನ್ನು ಅವರ ಮುಂದೆ ಸರಿಸಿದಳು.

"ಸರ್, ನಿಮ್ಮ ಜಾಲತಾಣದಲ್ಲಿರೋ ವಾಲ್ವುಗಳೆಲ್ಲ ಸರಿಯಾದ ಜಾಗದಲ್ಲೇ ಇವೆ ಅಂತ ಒಂದು ಸಾಲು ಬರೆದು ಸಹಿ ಹಾಕಿ. ನಿಮ್ಮ ಎದುರಿಗೇ ಅಧ್ಯಾಯ ಕಿತ್ತು ಹಾಕ್ತೀನಿ."

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು. ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು, ಮೇಷ್ಟ್ರನ್ನೂ ನೋಡಿದರು. ಆಮೇಲೆ ಹಾಳೆಯನ್ನು ಪಕ್ಕಕ್ಕೆ ತಳ್ಳಿದರು.

"ಅದು ನನ್ನ ವ್ಯಾಪ್ತಿಗೆ ಬರಲ್ಲ."

ಪರೀಕ್ಷಾ ವರದಿಯ ಮೇಲೆ 'ಆರು ತಿಂಗಳಲ್ಲಿ ತಿದ್ದಿ ಮರಳಿ ಸಲ್ಲಿಸತಕ್ಕದ್ದು' ಎಂದು ಬರೆದರು. ಅದರ ಕೆಳಗೆ ಮಾತ್ರ ಸಹಿ ಸರಾಗವಾಗಿ ಬಿತ್ತು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ತಲೆ ಚಚ್ಚಿಕೊಂಡರು. "ಕೈಗೆ ಬಂದ ತುತ್ತನ್ನ ನೀನೇ ಚೆಲ್ಲಿದೆಯಲ್ಲ ತಾಯಿ. ಇನ್ನೇನು ತಿದ್ದುತೀಯ?"

"ಒಂದು ಕಚೇರಿ ಸಾಲದು ಅಂದ್ರಲ್ಲ ಸರ್, ಅದನ್ನ ತಿದ್ದುತೀನಿ," ಎಂದಳು. "ವಿದ್ಯುತ್ ಕಚೇರಿಗೆ ಹೋಗ್ತೀನಿ, ಒಳಚರಂಡಿಯವರ ಹತ್ರ ಹೋಗ್ತೀನಿ, ಅಗ್ನಿಶಾಮಕದವರ ಹತ್ರಾನೂ ಹೋಗ್ತೀನಿ. ಅವರ್ಯಾರ ಹೆಸರನ್ನೂ ಹೇಳಲ್ಲ."