ನೂಲು ಕಟ್ಟಿದ ತೆಂಗಿನಕಾಯಿ

ಕೊಡಗು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಆ ವರ್ಷದ ಕೈಲು ಮುಹೂರ್ತಕ್ಕೆ ತೆಂಗಿನಕಾಯಿಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂದು ನಮ್ಮ ಮನೆಯಲ್ಲಿ ಎಂಟು ದಿನ ಜಗಳವಾಯಿತು. ಕೇಳಿದವರಿಗೆ ನಗು ಬರುತ್ತದೆ. ನನಗೆ ಇವತ್ತಿಗೂ ಬರುವುದಿಲ್ಲ.

ಕೈಲು ಮುಹೂರ್ತದ ದಿನ ಕೋವಿ, ಕತ್ತಿಗಳಿಗೆ ಹೂ ಮುಡಿಸಿ ಪೂಜೆ ಮಾಡಿ, ಊಟವಾದ ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ನಮ್ಮ ಕಡೆಯ ಆಟ. ನಮ್ಮ ಮನೆಯಲ್ಲಿ ಮೊದಲ ಗುಂಡು ಹಿರಿಯರದು. ಅವರ ಕಾಯಿ ಬೀಳದೆ ಬೇರೆ ಯಾರೂ ಕೋವಿ ಎತ್ತುವಂತಿಲ್ಲ. ಹಿರಿಯರೆಂದರೆ ನನ್ನ ಮಾವ ಸಾಂತಪ್ಪ. ಹಾರುವ ಕಾಡುಕೋಳಿಯನ್ನು ಒಂದೇ ಗುಂಡಿಗೆ ಇಳಿಸಿದವರೆಂದು ಸುಂಟಿಕೊಪ್ಪದ ಸಂತೆಯಲ್ಲೂ ಅವರ ಹೆಸರು ಹೇಳುತ್ತಿದ್ದರು.

ಆ ಮಾವನಿಗೆ ಮೂರು ವರ್ಷದಿಂದ ಸರಿಯಾಗಿ ಕಣ್ಣು ಕಾಣುತ್ತಿರಲಿಲ್ಲ.

ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಜಗಲಿಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಕಣಕ್ಕೆ ಎಷ್ಟು ಹೆಜ್ಜೆ ಎಂದು ಅವರಿಗೆ ಬಾಯಿಪಾಠವಾಗಿತ್ತು. ಪೇಪರು ಬಂದರೆ ಬಿಡಿಸಿ ಹಿಡಿದುಕೊಂಡು, "ಯಮುನಾ, ಈ ಕನ್ನಡಕ ಸರಿ ಇಲ್ಲೆ, ನೀನೇ ಓದು" ಎನ್ನುತ್ತಿದ್ದರು. ಕೋವಿಗೆ ಎಣ್ಣೆ ಹಚ್ಚುವುದನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ನಳಿಗೆಯ ಮೇಲೆ ಅವರ ಬೆರಳು ತಡವರಿಸದೆ ಓಡುತ್ತಿತ್ತು.

ಉಪಾಯ ನನ್ನದೇ. ಆ ಪಾಪವನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಮೊದಲ ವರ್ಷ ಕಣದಾಚೆಯ ಹಲಸಿನ ಮರದ ತಗ್ಗಿನ ಕೊಂಬೆಗೆ ಕಾಯಿ ಕಟ್ಟಿಸಿದೆ. ಗಂಟಿಗೆ ಕಪ್ಪು ನೂಲು ಸೇರಿಸಿ, ಅದರ ತುದಿಯನ್ನು ದಪ್ಪ ಕಾಂಡದ ಹಿಂದೆ ಅಡಗಿ ಕೂತ ನನ್ನ ಗಂಡ ಧರ್ಮಪಾಲರ ಕೈಗೆ ಕೊಟ್ಟೆ. ಕಾಯಿಯ ಕೆಳಗೆ ಒಂದು ಬಂಡೆಕಲ್ಲು. ಮೂರು ವರ್ಷವೂ ನಾನು ಮರದಿಂದ ಇಪ್ಪತ್ತು ಹೆಜ್ಜೆ ಹಿಂದೆ, ಗುಂಡು ತಾಗದಂತೆ ದಿಬ್ಬದ ಮರೆಯ ತಗ್ಗಿನಲ್ಲಿ ನಿಂತು, "ಮಾವಾ, ಹೊಡೀರಿ!" ಎಂದು ಕೂಗುತ್ತಿದ್ದೆ. ಮಾವ ನನ್ನ ದನಿಯನ್ನು ಹಿಡಿದು ಕೋವಿಯನ್ನು ಅದರ ಮೇಲಕ್ಕೆ ಎತ್ತುತ್ತಿದ್ದರು. ಗುಂಡಿನ ಸದ್ದಿಗೆ ನೂಲು ಎಳೆದರೆ ಕಾಯಿ ಕಲ್ಲಿಗೆ ಬಿದ್ದು ಹೋಳಾಗುತ್ತಿತ್ತು. "ಬಿತ್ತ್ ಅಪ್ಪಾ!" ಎಂದು ಇವರು ಹಿಂದಿನಿಂದ ಕೂಗುತ್ತಿದ್ದರು.

ಸುಳ್ಳು ಹೇಳುವುದಿಲ್ಲ, ಆ ಮೂರು ವರ್ಷದ ಹಬ್ಬದಷ್ಟು ಚೆಂದದ ಹಬ್ಬ ನಾನು ಕಂಡಿಲ್ಲ. ಕಾಯಿ ತಗ್ಗಿನಲ್ಲಿದ್ದುದರಿಂದ ಹೆಂಗಸರೂ ಹೊಡೆದರು. ಬೊಚ್ಚುಬಾಯಿಯ ಅಜ್ಜಿಯೊಬ್ಬಳು ಹೊಡೆದು, ಕೋವಿ ಒದ್ದ ರಭಸಕ್ಕೆ ಕೂತುಬಿಟ್ಟು, ಕೂತಲ್ಲೇ ನಕ್ಕಳು. ಮಾವ ಜಗಲಿಯಲ್ಲಿ ಮೀಸೆ ತಿರುವಿಕೊಂಡು ಎಲ್ಲರ ನಗು ಕೇಳುತ್ತಿದ್ದರು.

ನಾಲ್ಕನೆಯ ವರ್ಷ ಪೂವಯ್ಯ ಬಾವ ಬಂದರು. ಮಾವನ ತಮ್ಮನ ಮಗ. ಹದಿನೈದು ವರ್ಷ ಮಿಲಿಟರಿಯಲ್ಲಿದ್ದು ಪೆನ್ಶನ್ ತೆಗೆದುಕೊಂಡು ಬಂದವರು. ಆ ಹಲಸಿನ ಕೊಂಬೆಯನ್ನು ನೋಡಿ ಹಲ್ಲು ಕಿರಿದರು.

"ಇದಕ್ಕೆ ಗುಂಡು ಎಂತಕೆ? ಕಲ್ಲಲ್ಲಿ ಹೊಡೆದರೆ ಸಾಕು. ಆಟ ಅಂದರೆ ಕಷ್ಟ ಇರೊಕು ಯಮುನಾ. ಹತ್ತು ಜನ ತಪ್ಪಿದರೇ ಹನ್ನೊಂದನೆಯವನಿಗೆ ಬೆಲೆ."

"ಹಬ್ಬದ ದಿನ ಜನ ನಗೊಕು ಬಾವ," ಎಂದೆ. "ಕಷ್ಟ ವರ್ಷ ಇಡೀ ಇದ್ದೇ ಉಟ್ಟಲ್ಲ."

"ನಗುಕೆ ಬೇರೆ ಆಟ ಆಡಿ. ಈ ಸಲ ಮೈಸೂರಿಂದ ಬಂದ ತಾಲೂಕಿನ ಅಮಲ್ದಾರರನ್ನು ಕರೆದುಟ್ಟು. ಇಷ್ಟು ವರ್ಷ ಇಲ್ಲದ್ದು, ಈಗ ನಮ್ಮ ಕೋವಿಗೆಲ್ಲ ಲೈಸೆನ್ಸ್ ಕೇಳ್ತಾರೆ ಅಂತ ಪೇಟೆಲಿ ಸುದ್ದಿ. ಕೋವಿ ಹಿಡಿಯುವುದು ಅಂದರೆ ಎಂಥದ್ದು ಅಂತ ಆ ಮೈಸೂರಿನವರು ಕಣ್ಣಾರೆ ನೋಡಲಿ. ದೊಡ್ಡಪ್ಪನ ಗುಂಡು ನೋಡಲಿ."

ಗೇಟಿನ ಹತ್ತಿರದ ಸಿಲ್ವರ್ ಓಕಿನ ತುದಿಗೆ ಕಾಯಿ ಕಟ್ಟುವುದು, ಹಗ್ಗದಲ್ಲಿ ತೂಗಾಡಿಸುವುದು, ಮರದ ಸುತ್ತ ಮೂವತ್ತು ಗಜ ಯಾರೂ ಸುಳಿಯಬಾರದು ಎಂದು ಬಾವ ತೀರ್ಮಾನಿಸಿದರು. ನಾನು ದಿನಾ ಜಗಳವಾಡಿದೆ. ಮಕ್ಕಳಿಗೆ ಬೇಜಾರಾಗುತ್ತದೆ ಎಂದೆ, ಹೆಂಗಸರು ಬರುವುದಿಲ್ಲ ಎಂದೆ. ನಿಜವನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಮಾವನೇ ಜಗಲಿಯಿಂದ, "ಪೂವಯ್ಯ ಹೇಳುವುದು ಸರಿ. ಮೇಲೆ ಕಟ್ಟಿ," ಎಂದರು. ಮೂರು ವರ್ಷ ಒಂದು ಗುಂಡೂ ತಪ್ಪದವರು ಇನ್ನೇನು ಹೇಳುತ್ತಾರೆ? ತಮ್ಮ ಕೈಯ ಮೇಲೆ ಅವರಿಗೆ ಅಷ್ಟು ನಂಬಿಕೆ ಹುಟ್ಟಿಸಿದವಳು ನಾನೇ.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಮಾವ ಮಂಗ ಓಡಿಸಲು ಹೊಡೆದ ಗುಂಡು ಕೊಟ್ಟಿಗೆಯ ಹೆಂಚಿನ ಮಾಡಿಗೆ ಬಡಿಯಿತು. ಮಂಗ ಕೂತಿದ್ದದ್ದು ಇನ್ನೊಂದು ಕಡೆ, ಪೇರಳೆ ಮರದಲ್ಲಿ. ಕೊಟ್ಟಿಗೆಯೊಳಗೆ ನನ್ನ ಐದು ವರ್ಷದ ಮಗಳು ಬೊಳ್ಳಮ್ಮ ಕರುವಿಗೆ ಹುಲ್ಲು ಹಾಕುತ್ತಿದ್ದಳು. ಮಗುವಿನ ತಲೆಯ ಮೇಲಿದ್ದ ಹೆಂಚಿನ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಮಿಕ್ಕಿದ್ದನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿದೆ. ಅವತ್ತಾದರೂ ಬಾಯಿ ಬಿಡಬೇಕಿತ್ತು. ರಾತ್ರಿ ಇವರಿಗೆ ಹೇಳಿದರೆ, "ಅಪ್ಪನ ಕೈಯಿಂದ ಕೋವಿ ಕಿತ್ತುಕೊಂಡರೆ ಅಪ್ಪ ಉಳಿಯುವುದಿಲ್ಲೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಹಬ್ಬದ ದಿನ ಮಳೆ ಬಿಟ್ಟಿತ್ತು. ಮನೆಯ ಎದುರಿಗೆ ಅಮಲ್ದಾರರಿಗೆ ಕುರ್ಚಿ ಹಾಕಿದ್ದರು. ಅದರ ಎಡಗಡೆ ಹೆಂಗಸರಿಗೆ ಬೆಂಚು. ಬಾವ ನನ್ನನ್ನು ಅಲ್ಲಿಂದ ಏಳಗೊಡಲಿಲ್ಲ. ಗಂಡನನ್ನು ಅಮಲ್ದಾರರ ಪಕ್ಕ ಉಪಚಾರಕ್ಕೆ ನಿಲ್ಲಿಸಿದರು. ಸಿಲ್ವರ್ ಓಕಿನ ತುದಿಯಲ್ಲಿ ಕಾಯಿ ತೂಗಾಡುತ್ತಿತ್ತು. ನನ್ನಂಥ ನೆಟ್ಟಗೆ ಕಣ್ಣಿದ್ದವಳಿಗೇ ಅದು ನಿಂಬೆಹಣ್ಣಿನಷ್ಟು ಕಾಣುತ್ತಿತ್ತು. ಅವತ್ತು ಯಾರೂ ನಗುತ್ತಿರಲಿಲ್ಲ.

ಬಾವ ಮಾವನನ್ನು ಕೈಹಿಡಿದು ಕರೆತಂದು ನಿಲ್ಲಿಸಿದರು. ಅದು ಗೌರವವೆಂದು ಎಲ್ಲರೂ ತಿಳಿದರು. ಮಾವ ತೋಟೆ ತುಂಬಿ, ಕುದುರೆಯನ್ನು ಹಿಂದಕ್ಕೆಳೆದು ಸಜ್ಜುಮಾಡಿ, ಕೋವಿಯನ್ನು ಭುಜಕ್ಕೆ ಕೊಟ್ಟರು. ಆಮೇಲೆ ಸುಮ್ಮನೆ ನಿಂತರು.

"ದೂರ ಸ್ವಲ್ಪ ಜಾಸ್ತಿ ಉಟ್ಟು, ದೊಡ್ಡಪ್ಪ," ಎಂದರು ಬಾವ ಮೆಲ್ಲಗೆ.

ಮಾವ ತಲೆ ಸ್ವಲ್ಪ ವಾರೆ ಮಾಡಿದ್ದರು. ನನಗೆ ಗೊತ್ತಾಯಿತು. ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ನನ್ನ ದನಿಗೆ ಕಾಯುತ್ತಿದ್ದರು. ಮರದ ಕಡೆಯಿಂದ ಬರಬೇಕಾದ ದನಿ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿತ್ತು. ಉಸಿರು ಬಿಟ್ಟರೂ ಅವರಿಗೆ ಕೇಳೀತೆಂದು ನಾನು ಉಸಿರು ಹಿಡಿದಿದ್ದೆ.

ಜನ ಪಿಸುಗುಟ್ಟತೊಡಗಿದರು. ಅಮಲ್ದಾರರು ಕೈಗಡಿಯಾರ ನೋಡಿಕೊಂಡರು. ನನ್ನ ಪಕ್ಕದಲ್ಲಿದ್ದ ಬೊಳ್ಳಮ್ಮನಿಗೆ, ಅಮ್ಮ ಪ್ರತಿ ವರ್ಷ ಹೇಳುವುದನ್ನು ಈ ಸಲ ಮರೆತಳೆಂದು ಅನ್ನಿಸಿರಬೇಕು. ಬೆಂಚಿನ ಮೇಲೆ ಹತ್ತಿ ನಿಂತು, ಚಪ್ಪಾಳೆ ತಟ್ಟಿ ಕೂಗಿದಳು:

"ಅಜ್ಜಾ, ಹೊಡಿ!"

ಮಾವನ ಮುಖ ಅರಳಿತು. ಕೋವಿ ತಿರುಗಿತು. ಮರವನ್ನು ಬಿಟ್ಟು, ಅಮಲ್ದಾರರ ಕುರ್ಚಿಯನ್ನು ದಾಟಿ, ನಮ್ಮ ಬೆಂಚಿನ ಮೇಲೆ ನಿಂತಿತು. ನಳಿಗೆಯ ಬಾಯಿ ದುಂಡಗೆ ಕಂಡಿತು. ನಾನು ಮಗುವನ್ನು ಎಳೆದು ನೆಲಕ್ಕೆ ಬಿದ್ದೆ.

ಬಾವ ನುಗ್ಗಿ ಕೋವಿಯನ್ನು ಮೇಲಕ್ಕೆ ತಳ್ಳಿದ ಹೊತ್ತಿಗೇ ಗುಂಡು ಹಾರಿತು. ನಮ್ಮ ತಲೆಯ ಮೇಲೆ ಕಿತ್ತಳೆ ಗಿಡದ ಎಲೆಗಳು ಉದುರಿದವು.

"ಬಿತ್ತ್ ಅಪ್ಪಾ!"

ಹಾಗೆ ಕೂಗಿದ್ದು ನನ್ನ ಗಂಡ. ಭಯಕ್ಕೋ ರೂಢಿಗೋ, ಅವರ ಬಾಯಿಂದ ಅದು ಬಂದುಬಿಟ್ಟಿತ್ತು. ಕಾಯಿ ಸಿಲ್ವರ್ ಓಕಿನ ತುದಿಯಲ್ಲಿ ಹಾಗೆಯೇ ತೂಗಾಡುತ್ತಿತ್ತು. ಎಲ್ಲರೂ ಒಮ್ಮೆ ಅದನ್ನು, ಒಮ್ಮೆ ಕೂಗಿದವರನ್ನು ನೋಡಿದರು.

"ಪೂವಯ್ಯ," ಎಂದರು ಮಾವ. "ನನ್ನ ಕೋವಿ ಎತ್ತ ಇತ್ತ್?"

ಬಾವನ ಕೈ ಇನ್ನೂ ನಳಿಗೆಯ ಮೇಲಿತ್ತು. ಕಷ್ಟದ ಆಟ ಬೇಕೆಂದವರು ಅದೇ ಮೊದಲ ಸಲ ತಲೆ ತಗ್ಗಿಸಿದ್ದನ್ನು ಕಂಡೆ.

ನಾನೇ ಎದ್ದು ನಿಂತು ಹೇಳಿದೆ. "ನಮ್ಮ ಕಡೆ, ಮಾವ. ಕೂಸಿನ ಕಡೆ."

"ಕಾಯಿ?"

"ಬಿದ್ದಿಲ್ಲೆ."

"ಹಾಗಾದರೆ ಹೋದ ವರ್ಷ ಬಿದ್ದದ್ದು? ಅದರ ಹಿಂದಿನ ವರ್ಷ?"

"ನೂಲು ಕಟ್ಟಿದ್ದೆ, ಮಾವ. ಇವರು ಎಳೆಯುತ್ತಿದ್ದರು."

ಅಮಲ್ದಾರರ ಮುಂದೆ, ಊರಿನ ಮುಂದೆ ಹೇಳಿದೆ. ಮೂರು ವರ್ಷ ಮನೆಯೊಳಗೇ ಹೇಳಬಹುದಾಗಿದ್ದನ್ನು.

ಮಾವ ಬಯ್ಯಲಿಲ್ಲ. ಕೋವಿ ಬಿಚ್ಚಿ, ಖಾಲಿ ತೋಟೆಯನ್ನು ತೆಗೆದು ಕೆಳಗೆ ಹಾಕಿ, ಕೋವಿಯನ್ನು ಬಾವನ ಎದೆಗೆ ಒತ್ತಿದರು. ಕೋವಿಯಿಲ್ಲದ ಅವರು ಎಷ್ಟು ಮುದುಕರೆಂದು ಅವತ್ತು ಗೊತ್ತಾಯಿತು. ಆಮೇಲೆ ಎರಡೂ ಕೈ ಚಾಚಿ, "ಬಾ ಬೊಳ್ಳಮ್ಮ, ಅಜ್ಜನ ಹತ್ತಿರ ಬಾ," ಎಂದು ಕರೆದರು.

ಕೈ ಚಾಚಿದ್ದು ಅಷ್ಟರಲ್ಲಿ ಅಮಲ್ದಾರರು ಎದ್ದುಹೋಗಿದ್ದ ಖಾಲಿ ಕುರ್ಚಿಯ ಕಡೆಗೆ. "ಕೂಸು ಇತ್ತ ಉಟ್ಟು, ಮಾವ" ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಜ್ಜ ಇನ್ನೊಮ್ಮೆ ಕರೆದರು. ಬೊಳ್ಳಮ್ಮ ಸದ್ದು ಮಾಡದೆ ನನ್ನ ಸೀರೆಯ ಹಿಂದಕ್ಕೆ ಸರಿದಳು.